ಸ್ಟೀರಾಯ್ಡ್ ಬರೆದುಕೊಟ್ಟಿದ್ದಾರಾ? ಬಳಸುವ ಕ್ರಮ ಹೀಗೆ

ಮಲೆನಾಡಿನ ಊರೊಂದರಲ್ಲಿ ನನ್ನದು ಮೆಡಿಕಲ್ ಶಾಪ್. ಮಳೆ ಹಿಡಿದರೆ ಸಾಕು, ಕೌಂಟರಿಗೆ ಎರಡು ಥರದ ಜನ ಬರುತ್ತಾರೆ. ಒಬ್ಬರು ತೊಡೆಸಂದಿ ತುರಿಕೆಗೆ "ಆ ಟ್ಯೂಬ್ ಕೊಡಿ" ಅನ್ನುವವರು. ಇನ್ನೊಬ್ಬರು ಉಬ್ಬಸದ ಇನ್‌ಹೇಲರ್ ಚೀಟಿ ಹಿಡಿದು, "ಇದರಲ್ಲಿ ಸ್ಟೀರಾಯ್ಡ್ ಇದೆಯಂತಲ್ಲ, ಬೇಡಪ್ಪ" ಅನ್ನುವವರು. ತಮಾಷೆ ಅಂದರೆ, ಮೊದಲನೆಯವರು ಕೇಳುವ ಟ್ಯೂಬಿನಲ್ಲೂ ಹೆಚ್ಚಿನ ಸಲ ಇರುವುದು ಸ್ಟೀರಾಯ್ಡೇ. ಹೆದರಬೇಕಾದ ಕಡೆ ಹೆದರುವುದಿಲ್ಲ, ಬೇಡದ ಕಡೆ ನಡುಗುತ್ತಾರೆ.

ಸ್ಟೀರಾಯ್ಡ್ ನಮ್ಮ ಮೈಗೆ ಹೊಸದೇನಲ್ಲ. ಕಿಡ್ನಿಗಳ ಮೇಲೆ ಅಡ್ರಿನಲ್ ಅಂತ ಪುಟ್ಟ ಗ್ರಂಥಿಗಳಿವೆ. ಅವು ದಿನಾ ಕಾರ್ಟಿಸಾಲ್ ಅನ್ನುವ ಸ್ಟೀರಾಯ್ಡ್ ತಯಾರಿಸುತ್ತವೆ, ಬೆಳಿಗ್ಗೆ ಜಾಸ್ತಿ, ರಾತ್ರಿ ಕಡಿಮೆ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಎಲ್ಲ ಅದೇ ಜಾತಿಯ ಔಷಧಿಗಳು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಡಾಕ್ಟರ್ ಫಿಲಿಪ್ ಹೆಂಚ್ ಅವರು ಸಂಧಿವಾತದ ರೋಗಿಗೆ ಇದೇ ಜಾತಿಯ ಕಾರ್ಟಿಸೋನ್ ಕೊಟ್ಟರು. ಅಲ್ಲಾಡಲೂ ಕಷ್ಟಪಡುತ್ತಿದ್ದ ಆಕೆ ಕೆಲವೇ ದಿನಗಳಲ್ಲಿ ಎದ್ದು ಓಡಾಡಿದರು. 1950ರಲ್ಲಿ ಹೆಂಚ್ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ಊತ, ತುರಿಕೆ, ನೋವು ಇಷ್ಟು ಬೇಗ ಇಳಿಯುವುದಕ್ಕೆ ಕಾರಣ, ಮೈಯ ರಕ್ಷಣಾ ಪಡೆಯನ್ನೇ ಈ ಔಷಧಿ ತಣ್ಣಗಾಗಿಸುತ್ತದೆ. ಸೋಂಕು ಇದ್ದಾಗ ತೊಂದರೆ ಕೊಡುವುದೂ ಇದೇ ಗುಣ.

ಕ್ರೀಮಿನ ವಿಷಯ ಮೊದಲು. ಟ್ಯೂಬ್ ತಿರುಗಿಸಿ ಸಣ್ಣ ಅಕ್ಷರ ಓದಿ. ಕ್ಲೋಬೆಟಾಸೋಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಅಂತಿದ್ದರೆ ಅದು ಸ್ಟೀರಾಯ್ಡ್. ಜೊತೆಗೆ ಫಂಗಸ್ ಔಷಧಿ ಸೇರಿಸಿರುವ ಟ್ಯೂಬ್‌ಗಳೂ ಇವೆ, ಅವನ್ನೇ ಜನ ಕೇಳುವುದು. ಹುಳಕಡ್ಡಿಗೆ ಹಚ್ಚಿದರೆ ತುರಿಕೆ ಎರಡು ದಿನಕ್ಕೆ ನಿಲ್ಲುತ್ತದೆ, ಫಂಗಸ್ ಮಾತ್ರ ಆರಾಮಾಗಿ ಹರಡುತ್ತದೆ. ಉಂಗುರದ ಅಂಚು ಅಳಿಸಿಹೋಗಿ ಚರ್ಮದ ಡಾಕ್ಟರಿಗೂ ಗುರುತು ಹಿಡಿಯುವುದು ಕಷ್ಟವಾಗುತ್ತದೆ. ತೊಡೆಸಂದಿಯ ಚರ್ಮ ತೆಳುವಾಗಿ ಗೆರೆಗಳು ಬೀಳುತ್ತವೆ, ಅವು ಹೋಗುವುದಿಲ್ಲ. ಮುಖ ಬೆಳ್ಳಗಾಗಲಿ ಅಂತ ಹಚ್ಚುವವರದ್ದು ಇನ್ನೂ ಕಷ್ಟ. ಮೊಡವೆ, ಕೆಂಪು, ಬಿಸಿಲಿಗೆ ಹೋದರೆ ಉರಿ, ನಿಲ್ಲಿಸಿದರೆ ಇನ್ನೂ ಉರಿ. ಇಂಥ ಹಲವು ಕ್ರೀಮ್‌ಗಳನ್ನು ಸರ್ಕಾರ 2018ರಲ್ಲಿ ಷೆಡ್ಯೂಲ್ ಎಚ್‌ಗೆ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ, ಸೇರಿಸಿದೆ. ಚೀಟಿ ಕೇಳಿದರೆ ನನ್ನ ಮೇಲೆ ಸಿಟ್ಟಾಗಬೇಡಿ.

ಎಕ್ಸಿಮಾ ಅನ್ನುವ ಚರ್ಮದ ತುರಿಕೆ ಕಾಯಿಲೆಗೆ ಡಾಕ್ಟರೇ ಸ್ಟೀರಾಯ್ಡ್ ಕ್ರೀಮ್ ಬರೆದಿದ್ದರೆ ಧೈರ್ಯವಾಗಿ ಹಚ್ಚಿ. ಎಷ್ಟು? ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಕ್ರೀಮ್ ಹಿಂಡಿ. ಅದು ಸುಮಾರು ಅರ್ಧ ಗ್ರಾಂ. ಎರಡು ಅಂಗೈ ಅಗಲದ ಜಾಗಕ್ಕೆ ಅಷ್ಟು ಸಾಕು.

ಇನ್ನು ಇನ್‌ಹೇಲರ್. ಇದರಲ್ಲಿರುವುದು ಮೈಕ್ರೋಗ್ರಾಂ ಲೆಕ್ಕದ ಮದ್ದು, ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಒತ್ತುವ ಪಂಪ್ ಆದರೆ ಚೆನ್ನಾಗಿ ಕುಲುಕಿ. ಉಸಿರು ಪೂರ್ತಿ ಹೊರಗೆ ಬಿಡಿ. ನಿಧಾನಕ್ಕೆ ಒಳಗೆ ಎಳೆಯಲು ಶುರುಮಾಡುತ್ತಲೇ ಒತ್ತಿ, 10 ಸೆಕೆಂಡ್ ಉಸಿರು ಹಿಡಿಯಿರಿ. ಇನ್ನೊಂದು ಪಫ್ ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು. ಮಕ್ಕಳಿಗೆ, ವಯಸ್ಸಾದವರಿಗೆ ಸ್ಪೇಸರ್, ಅಂದರೆ ಪಂಪಿಗೂ ಬಾಯಿಗೂ ನಡುವೆ ಇಡುವ ಟೊಳ್ಳು ಕೊಳವೆ, ಹಾಕಿದರೆ ಮದ್ದು ಗಂಟಲಲ್ಲೇ ಉಳಿಯುವುದು ಕಡಿಮೆಯಾಗುತ್ತದೆ. ಕೊನೆಗೆ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಪದರ ಬರಬಹುದು, ದನಿ ಕೂರಬಹುದು. ಉಬ್ಬಸ ಇಲ್ಲದ ದಿನವೂ ಡಾಕ್ಟರ್ ಹೇಳಿದಷ್ಟು ತಗೊಳ್ಳಬೇಕು.

ಮಾತ್ರೆಯಲ್ಲಿ ಶಿಸ್ತು ಜಾಸ್ತಿ ಬೇಕು. ದಿನಕ್ಕೊಂದು ಸಲ ಅಂತ ಬರೆದಿದ್ದರೆ ಬೆಳಿಗ್ಗೆ ತಿಂಡಿ ಆದ ಮೇಲೆ ನುಂಗಿ. ಸಂಜೆ ತಗೊಂಡರೆ ನಿದ್ದೆ ಕೆಡುತ್ತದೆ. ಶುಗರ್ ಇರುವವರು ಆ ದಿನಗಳಲ್ಲಿ ಆಗಾಗ ಚೆಕ್ ಮಾಡಿ, ಮಧ್ಯಾಹ್ನದ ನಂತರವೇ ಏರುವುದು ಜಾಸ್ತಿ. ಮೈಕೈ ನೋವಿಗೆ ಅಂತ ಜೊತೆಗೆ ಡೈಕ್ಲೋಫೆನಾಕ್ ನುಂಗಬೇಡಿ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು. ಮೂರ್ನಾಲ್ಕು ವಾರಕ್ಕಿಂತ ಹೆಚ್ಚು ತಗೊಂಡಿದ್ದರೆ ದಿಢೀರ್ ನಿಲ್ಲಿಸಲೇಬಾರದು. ಹೊರಗಿಂದ ಸಿಗುತ್ತಿದೆ ಅಂತ ಅಡ್ರಿನಲ್ ಗ್ರಂಥಿ ಕೈಕಟ್ಟಿ ಕೂತಿರುತ್ತದೆ. ಸಟ್ಟನೆ ನಿಲ್ಲಿಸಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಡಾಕ್ಟರ್ ಹೇಳಿದ ಲೆಕ್ಕದಲ್ಲಿ ಹಂತಹಂತವಾಗಿ ಇಳಿಸಿ. ಹಲ್ಲು ಕೀಳಿಸಲು ಹೋದರೂ ಈ ಮಾತ್ರೆ ತಗೊಳ್ಳುತ್ತಿದ್ದೀನಿ ಅಂತ ಹೇಳಿ.

ಜಿಮ್ ಹುಡುಗರು ಕೇಳುವ ಸ್ಟೀರಾಯ್ಡ್ ಬೇರೆ, ಗಂಡಸರ ಹಾರ್ಮೋನು ಟೆಸ್ಟೊಸ್ಟೆರೋನ್ ಜಾತಿಯದ್ದು. ತೋಳು ದಪ್ಪ ಮಾಡುವುದಕ್ಕೆ ಅದನ್ನು ನಾನು ಕೊಡುವುದಿಲ್ಲ, ಅಷ್ಟೇ.

ಇನ್ನೊಂದಿದೆ, ಹೆಸರಿಲ್ಲದ ಪುಡಿ. ಮಂಡಿನೋವಿಗೆ ಪೊಟ್ಟಣದಲ್ಲಿ ಕಟ್ಟಿಕೊಡುತ್ತಾರಲ್ವಾ, ಅದು. ಕೆಲವದರಲ್ಲಿ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಮೂರೇ ದಿನಕ್ಕೆ ನೋವು ಮಾಯ, ಹಸಿವು ಜಾಸ್ತಿ, ಬರಬರುತ್ತಾ ಮುಖ ದುಂಡಗೆ ಊದಿದರೆ ಅನುಮಾನ ಪಡಿ. ಹಾಗಂತ ಗಾಬರಿಯಾಗಿ ಅದನ್ನು ಎಸೆಯಬೇಡಿ. ಬಹಳ ದಿನದಿಂದ ತಗೊಳ್ಳುತ್ತಿದ್ದರೆ ಇದನ್ನೂ ಸಟ್ಟನೆ ನಿಲ್ಲಿಸುವಂತಿಲ್ಲ. ಪೊಟ್ಟಣ ಸಮೇತ ಅವತ್ತೇ ಡಾಕ್ಟರ ಹತ್ತಿರ ಹೋಗಿ.