ಕಾರಿಗೆ ಗೀರು ಬಿತ್ತಾ? ಶೆಡ್ಡಿಗೆ ಬರೋ ಮುಂಚೆ ಇಷ್ಟು ನೋಡಿ

ಮಂಡ್ಯದಲ್ಲಿ ಟಿಂಕರಿಂಗ್, ಪೇಂಟಿಂಗ್ ಕೆಲಸ ಮಾಡೋನು ನಾನು. ಕಬ್ಬು ಅರೆಯೋ ಸೀಜನ್ ಬಂತೆಂದರೆ ನಮಗೆ ಕೈತುಂಬ ಕೆಲಸ. ಟ್ರೇಲರಿನಿಂದ ಆಚೆ ಚಾಚಿಕೊಂಡ ಕಬ್ಬಿನ ತುದಿ, ಓವರ್‌ಟೇಕ್ ಮಾಡೋ ಕಾರಿನ ಎಡಗಡೆ ಡೋರು ಸವರಿಕೊಂಡು ಹೋಗಿರುತ್ತೆ. ಆಯುಧಪೂಜೆ ಕಳೆದ ಮೇಲೆ ಬರೋದು ಬೇರೆ ಥರ: ಬಾಳೆಕಂದು ಬಿಗಿದ ತಂತಿ ಬಾನೆಟ್ ಮೇಲೆ ಎಳೆದ ಗೆರೆಗಳು. ಯಾವುದೇ ಆಗಲಿ, ಮೊದಲು ಶ್ಯಾಂಪೂ ಹಾಕಿ ತೊಳೀರಿ. ಎಷ್ಟೋ ಸಲ ಅದು ಗೀರೇ ಆಗಿರಲ್ಲ, ಕಾಂಪೌಂಡ್ ಗೋಡೆಯ ಬಣ್ಣ ಮೇಲೆ ಅಂಟಿಕೊಂಡಿರುತ್ತೆ ಅಷ್ಟೆ.

ತೊಳೆದಾಗ, ಪ್ಯಾನೆಲ್ ಇನ್ನೂ ಒದ್ದೆ ಇರುವಾಗಲೇ ನೋಡಿ. ನೀರಿನ ಕೆಳಗೆ ಗೀರು ಮಾಯವಾಯ್ತು ಅಂದರೆ ಪೆಟ್ಟು ಬಿದ್ದಿರೋದು ಕ್ಲಿಯರ್ ಕೋಟಿಗೆ, ಅಂದರೆ ಬಣ್ಣದ ಮೇಲಿರೋ ಪಾರದರ್ಶಕ ಪದರಕ್ಕೆ ಮಾತ್ರ. ಆಮೇಲೆ ಒರೆಸಿ, ಗೀರಿಗೆ ಅಡ್ಡಲಾಗಿ ಉಗುರು ಎಳೀರಿ. ಉಗುರು ಸಲೀಸಾಗಿ ಜಾರಿದರೆ ಮನೆಯಲ್ಲೇ ಆಗೋ ಕೆಲಸ. ಸಿಕ್ಕಿಹಾಕಿಕೊಂಡರೆ ಎಷ್ಟು ಉಜ್ಜಿದರೂ ಪೂರ್ತಿ ಹೋಗಲ್ಲ.

ಯಾಕೆ ಅಂದರೆ, ರಬ್ಬಿಂಗ್ ಕಾಂಪೌಂಡ್ (ಗೀರು ಉಜ್ಜೋ ಪೇಸ್ಟ್) ಗೀರನ್ನು ತುಂಬಲ್ಲ. ಸುತ್ತಲಿನ ಕ್ಲಿಯರನ್ನು ಸವೆಸಿ ಗೀರಿನ ಮಟ್ಟಕ್ಕೆ ಇಳಿಸುತ್ತೆ. ಕಂಪನಿ ಹೊಡೆದ ಕ್ಲಿಯರ್ ಇರೋದೇ 40-50 ಮೈಕ್ರಾನ್, ತಲೆಕೂದಲಿಗಿಂತ ತೆಳು. ಅದನ್ನು ದಾಟಿ ಉಜ್ಜಿದರೆ ಮಂಕಾದ ತೇಪೆ ಬೀಳುತ್ತೆ, ಆಗ ಇಡೀ ಪ್ಯಾನೆಲ್ ಪೇಂಟ್. ಗೀರಿಗಿಂತ ಹೀಗೆ ಉಜ್ಜಿ ಕೆಡಿಸಿಕೊಂಡವರ ಕೆಲಸವೇ ದುಬಾರಿ ಆಗೋದು.

ಸಣ್ಣ ಗೀರಿಗೆ ಹೀಗೆ ಮಾಡಿ. ಗಾಡಿ ನೆರಳಲ್ಲಿರಲಿ, ತಗಡು ಮುಟ್ಟಿದರೆ ತಣ್ಣಗಿರಬೇಕು. ಬಿಸಿಲಲ್ಲಿ ಕಾಂಪೌಂಡ್ ಅಲ್ಲೇ ಒಣಗಿ ಕಚ್ಚಿಕೊಳ್ಳುತ್ತೆ. ಡೋರಿನ ಅಂಚು, ಬಾಡಿಲೈನಿನ ಏಣುಗಳ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅಲ್ಲಿ ಬಣ್ಣ ಬೇಗ ಸವೆಯುತ್ತೆ. ಮೈಕ್ರೋಫೈಬರ್ ಬಟ್ಟೆಗೆ ಕಡಲೆಕಾಳಿನಷ್ಟು ರಬ್ಬಿಂಗ್ ಕಾಂಪೌಂಡ್ ತಗೊಂಡು, ಗೇಣುದ್ದ ಜಾಗದಲ್ಲಿ ಹಗುರವಾಗಿ ಉಜ್ಜಿ, ಒರೆಸಿ, ನೋಡಿ. ಬೇಕಾದರೆ ಮತ್ತೊಮ್ಮೆ. ಮುಕ್ಕಾಲು ಪಾಲು ಹೋಯಿತಾ, ನಿಲ್ಲಿಸಿ. ಮೇಲೆ ಪಾಲಿಶ್, ವ್ಯಾಕ್ಸ್ ಹಾಕಿದರೆ ಉಳಿದ ಕಾಲು ಪಾಲು ನಿಮಗೆ ಬಿಟ್ಟು ಬೇರೆಯವರಿಗೆ ಕಾಣಲ್ಲ. ಟೂತ್‌ಪೇಸ್ಟ್ ವಿಡಿಯೋ ನೋಡಿ ಬಂದವರಿಗೂ ಒಂದು ಮಾತು: ಅದರಲ್ಲೂ ಉಜ್ಜೋ ಪುಡಿ ಇದೆ, ತೀರಾ ಸಣ್ಣ ಮಚ್ಚೆ ಹೋಗುತ್ತೆ. ಅದಕ್ಕಿಂತ ಹೆಚ್ಚು ಆಸೆ ಬೇಡ. ಥಿನ್ನರ್ ಮಾತ್ರ ಮುಟ್ಟಬೇಡಿ. ಹಿಂದೆ ಯಾರಾದರೂ ಅಗ್ಗದಲ್ಲಿ ರೀಪೇಂಟ್ ಮಾಡಿದ್ದರೆ ಬಟ್ಟೆಗೆ ಬಣ್ಣವೇ ಎದ್ದು ಬರುತ್ತೆ.

ಇನ್ನು ತಗಡು ಕಾಣೋ ಗೀರು. ಇಲ್ಲಿ ಜನ ಉಲ್ಟಾ ಮಾಡ್ತಾರೆ. "ಹೇಗೂ ಪೇಂಟ್ ಮಾಡಿಸಬೇಕಲ್ಲ, ಇರಲಿ ಬಿಡಣ್ಣ" ಅಂತ ಮಳೆಗಾಲ ಪೂರ್ತಿ ಓಡಿಸಿ, ತುಕ್ಕು ಬಣ್ಣದ ಒಳಕ್ಕೆ ಹರಿದ ಮೇಲೆ ಬರ್ತಾರೆ. ಬಣ್ಣ ಹೊಂದಿಸೋದು ನನ್ನ ಕೆಲಸ, ತುಕ್ಕು ತಡೆಯೋದು ನಿಮ್ಮ ಕೆಲಸ. ಡೋರ್ ಪಿಲ್ಲರಿನ ಮೇಲೋ ಬಾನೆಟ್ ಒಳಗೋ ಇರೋ ಪ್ಲೇಟಿನಲ್ಲಿ ಕಲರ್ ಕೋಡ್ ನೋಡಿ ಟಚ್-ಅಪ್ ಬಾಟಲಿ ತರಿಸಿ. ತುಕ್ಕು ಕೂತಿದ್ದರೆ 400ರ ವಾಟರ್ ಪೇಪರ್ (ನೀರು ಹಾಕಿ ಉಜ್ಜೋ ಸ್ಯಾಂಡ್‌ಪೇಪರ್) ಸಣ್ಣಗೆ ಮಡಿಸಿ ಅಷ್ಟನ್ನೇ ಕೆರೆದು ಒರೆಸಿ, ಒಣಗಿದ ಮೇಲೆ ಮೊದಲು ಪ್ರೈಮರ್. ಬಾಟಲಿಯ ಬ್ರಷ್ ದಪ್ಪ, ಹಲ್ಲುಕಡ್ಡಿ ತಗೊಳ್ಳಿ. ಗೀರಿನ ಒಳಗೆ ಮಾತ್ರ ತೆಳ್ಳಗೆ ಬಿಡಿ, ಒಣಗಿದ ಮೇಲೆ ಇನ್ನೊಂದು ಕೋಟ್, ಕೊನೆಗೆ ಕ್ಲಿಯರ್. ಚೆನ್ನಾಗಿ ಕಾಣಲ್ಲ, ನಿಜ. ನೀರು ಒಳಗೆ ಹೋಗಲ್ಲ, ಅಷ್ಟು ಸಾಕು.

ಬಂಪರ್ ಪ್ಲಾಸ್ಟಿಕ್, ತುಕ್ಕು ಹಿಡಿಯಲ್ಲ. ನಿಮ್ಮ ಬೀದಿ ಇಕ್ಕಟ್ಟಾಗಿದ್ದರೆ ಅವಸರ ಬೇಡ, ಇನ್ನೆರಡು ಗೀರು ಬೀಳಲಿ, ಒಟ್ಟಿಗೆ ಮಾಡೋಣ.

ಶೆಡ್ಡಿಗೆ ತರಲೇಬೇಕಾದ್ದು ತಗಡು ತಗ್ಗಾಗಿದ್ದರೆ, ಗೀರು ಅಂಗೈಗಿಂತ ಉದ್ದವಿದ್ದು ಉಗುರು ಸಿಕ್ಕಿಕೊಳ್ಳುತ್ತಿದ್ದರೆ. "ಗೀರು ಇಷ್ಟೇ ತಾನೆ, ಪೂರ್ತಿ ಡೋರಿನ ದುಡ್ಡು ಯಾಕೆ?" ಅಂತ ಎಲ್ಲರೂ ಕೇಳ್ತಾರೆ. ಪುಟ್ಟಿ, ಪ್ರೈಮರ್ ಗೀರಿನ ಸುತ್ತ ಸಾಕು. ಕ್ಲಿಯರನ್ನು ಮಾತ್ರ ಡೋರಿನ ನಡುವೆ ನಿಲ್ಲಿಸಿದರೆ ಆ ಅಂಚು ಆಮೇಲೆ ಗೆರೆಯಾಗಿ ಕಾಣುತ್ತೆ, ಅದಕ್ಕೇ ಪ್ಯಾನೆಲ್ ಲೆಕ್ಕ. ಮೆಟಾಲಿಕ್, ಪರ್ಲ್ ಥರದ ಮಿನುಗೋ ಬಣ್ಣ ಆದರೆ ಪಕ್ಕದ ಪ್ಯಾನೆಲ್ಲಿಗೂ ಬಣ್ಣ ಸ್ವಲ್ಪ ಹಬ್ಬಿಸಬೇಕಾಗುತ್ತೆ. ದೊಡ್ಡ ವರ್ಕ್‌ಶಾಪಿನವರು ಬೂತಿನಲ್ಲಿ, ಅಂದರೆ ಪೇಂಟಿಗೇ ಇರೋ ಮುಚ್ಚಿದ ಕೋಣೆಯಲ್ಲಿ, 60 ಡಿಗ್ರಿ ಸುತ್ತಮುತ್ತ ಬೇಯಿಸ್ತಾರೆ, ಧೂಳು ಕೂರಲ್ಲ. ಬೂತ್ ಇಲ್ಲದ ಕಡೆ ಕೊಡೋದಾದರೆ 2ಕೆ ಕ್ಲಿಯರ್ (ಹಾರ್ಡನರ್ ಬೆರೆಸಿ ಹೊಡೆಯೋ ಕ್ಲಿಯರ್) ಹಾಕ್ತೀರಾ ಅಂತ ಕೇಳಿ, ಹಾರಿಕೆ ಉತ್ತರ ಬಂದರೆ ಗಾಡಿ ತಿರುಗಿಸಿ.

ಒಂದು ಗೀರಿಗೆ ಇನ್ಶೂರೆನ್ಸ್ ಕ್ಲೇಮ್ ಮಾಡೋದು ನಷ್ಟದ ಬಾಬ್ತು. ಕ್ಲೇಮ್ ಇಲ್ಲದ ವರ್ಷಗಳಿಗೆ ಓನ್ ಡ್ಯಾಮೇಜ್ (ನಿಮ್ಮದೇ ಗಾಡಿಗೆ ಆಗೋ ಹಾನಿಯ) ಪ್ರೀಮಿಯಂನಲ್ಲಿ 20ರಿಂದ 50 ಪರ್ಸೆಂಟ್‌ವರೆಗೆ ಸಿಗೋ ಬೋನಸ್ ಸಾಮಾನ್ಯವಾಗಿ ಸೊನ್ನೆಗೆ ಇಳಿಯುತ್ತೆ. ಮೊದಲು ಎಸ್ಟಿಮೇಟ್ ತಗೊಂಡು ಕೂಡಿ ಕಳೆದು ನೋಡಿ.

ಗಾಡಿ ಬಿಡಿಸಿಕೊಳ್ಳೋಕೆ ಸಂಜೆ ಬರಬೇಡಿ. ಬಿಸಿಲಿರುವಾಗ ಬಂದು ನೇರವಾಗಿ, ಓರೆಯಾಗಿ, ಎರಡೂ ಕಡೆಯಿಂದ ನೋಡಿ. ಟ್ಯೂಬ್‌ಲೈಟ್ ಕೆಳಗೆ ಎಲ್ಲ ಸಿಲ್ವರೂ ಒಂದೇ ಥರ ಕಾಣುತ್ತೆ, ಅದು ನಮಗೂ ಗೊತ್ತು.