ರಸ್ತೆಯ ಮೇಲೆ ಓಡುವ ಸ್ಪೋರ್ಟ್ಸ್ ಕಾರಿನ ತೂಕ ಇಳಿಸುವ ಬಗೆ

ಎಂಜಿನ್ನಿಗೆ ಕೈಹಚ್ಚದೆ ಕಾರಿನ ಚುರುಕು ಹೆಚ್ಚಿಸಬೇಕಿದ್ದರೆ ತೂಕ ಇಳಿಸುವುದೇ ನೇರವಾದ ದಾರಿ. ಚಾಲಕನೂ ಸೇರಿ 1,100 ಕೆ.ಜಿ. ತೂಗುವ, 100 ಅಶ್ವಶಕ್ತಿಯ ಕಾರಿನಿಂದ 50 ಕೆ.ಜಿ. ತೆಗೆದರೆ ವೇಗ ಪಡೆಯುವುದರಲ್ಲಿ ಅದು ಸುಮಾರು 105 ಅಶ್ವಶಕ್ತಿಯ ಕಾರಿಗೆ ಸಮನಾಗುತ್ತದೆ. ಅದರ ಜೊತೆಗೆ ಬ್ರೇಕ್ ಹಿಡಿಯುವಾಗಲೂ ತಿರುವಿನಲ್ಲೂ ಲಾಭ ಸಿಗುತ್ತದೆ. 1996ರಲ್ಲಿ ಮಾರುಕಟ್ಟೆಗೆ ಬಂದ ಲೋಟಸ್ ಎಲೀಸ್ 1.8 ಲೀಟರಿನ ಸಾಧಾರಣ ಎಂಜಿನ್ ಇಟ್ಟುಕೊಂಡೂ ಹೆಸರು ಮಾಡಿದ್ದು ಸುಮಾರು 725 ಕೆ.ಜಿ.ಯ ಮೈತೂಕದಿಂದಾಗಿ. ಆದರೆ ಬಳ್ಳಾರಿಯಿಂದ ತೋರಣಗಲ್ಲು, ಸಂಡೂರಿನ ಕಡೆಗೆ ಅದಿರು ಲಾರಿಗಳ ನಡುವೆ ಓಡಬೇಕಾದ ಕಾರನ್ನು ರೇಸ್ ಕಾರಿನಂತೆ ಬೋಳಿಸುವುದು ಬುದ್ಧಿವಂತಿಕೆಯಲ್ಲ. ಬಿಚ್ಚುವ ಕೆಲಸವನ್ನು ಎಲ್ಲಿ ಶುರುಮಾಡಿ ಎಲ್ಲಿ ನಿಲ್ಲಿಸಬೇಕೆಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು.

ಮೊದಲ ಕೆಲಸ ತೂಕ ಹಾಕಿಸುವುದು. ಗಣಿಗಾರಿಕೆಯ ಈ ಜಿಲ್ಲೆಯಲ್ಲಿ ಲಾರಿಗಳನ್ನು ನಿಲ್ಲಿಸಿ ತೂಗುವ ವೇಬ್ರಿಡ್ಜ್‌ಗಳಿಗೇನೂ ಬರವಿಲ್ಲ. ಟ್ಯಾಂಕ್ ತುಂಬಿಸಿ, ಚಾಲಕ ಕೆಳಗಿಳಿದ ಮೇಲೆ ಇಡೀ ಕಾರನ್ನು ಒಮ್ಮೆ ತೂಗಿಸಿ. ಬಳಿಕ ಮುಂದಿನ ಎರಡು ಗಾಲಿಗಳನ್ನಷ್ಟೇ ಕಟ್ಟೆಯ ಮೇಲೆ ನಿಲ್ಲಿಸಿ ಇನ್ನೊಮ್ಮೆ ತೂಗಿಸಿದರೆ, ಹಿಂದೆ ಎಷ್ಟು ಭಾರವಿದೆ ಎಂಬುದು ಕಳೆಯುವ ಲೆಕ್ಕದಲ್ಲಿ ಸಿಗುತ್ತದೆ. ಲಾರಿ ತೂಗುವ ಯಂತ್ರಗಳು ಸಾಮಾನ್ಯವಾಗಿ 10 ಕೆ.ಜಿ.ಗಿಂತ ಸಣ್ಣ ವ್ಯತ್ಯಾಸವನ್ನು ಹಿಡಿಯುವುದಿಲ್ಲವಾದ್ದರಿಂದ, ಬಿಚ್ಚಿದ ಭಾಗಗಳನ್ನು ಅಂಗಡಿಯ ತಕ್ಕಡಿಯಲ್ಲಿ ಬೇರೆಯಾಗಿ ತೂಗಿ ಬರೆದಿಡಬೇಕು.

ಎರಡನೆಯದಾಗಿ, ಕಾರು ಕೊಂಡ ಮೇಲೆ ನಾವೇ ಸೇರಿಸಿದ್ದನ್ನು ತೆಗೆಯಬೇಕು. ನಮ್ಮ ಊರುಗಳಲ್ಲಿ ಸ್ಪೋರ್ಟ್ಸ್ ಕಾರೆಂದರೆ ಮೊದಲು ಡಿಕ್ಕಿ ತುಂಬ ಸಬ್‌ವೂಫರ್ ಕೂರಿಸುವುದೇ ರೂಢಿ. ಪೆಟ್ಟಿಗೆ ಮತ್ತು ಆಂಪ್ಲಿಫೈಯರ್ ಸೇರಿ ಅದೊಂದೇ 20 ಕೆ.ಜಿ. ತೂಗಬಲ್ಲದು. ಮುಂದಿನ ಕಬ್ಬಿಣದ ಗಾರ್ಡ್ ಹೇಗೂ ಕಾನೂನಿಗೆ ವಿರುದ್ಧ, ಮೇಲಾಗಿ ಅಪಘಾತದಲ್ಲಿ ಏರ್‌ಬ್ಯಾಗ್‌ನ ಕೆಲಸಕ್ಕೆ ಅಡ್ಡಿಯಾಗಬಹುದು. ಊರೊಳಗಿನ ಓಡಾಟಕ್ಕೆ 45 ಲೀಟರಿನ ಟ್ಯಾಂಕನ್ನು ಅರ್ಧ ಮಾತ್ರ ತುಂಬಿಸಿದರೆ ಸುಮಾರು 17 ಕೆ.ಜಿ. ಉಳಿಯುತ್ತದೆ. ಸ್ಟೆಪ್ನಿಯೂ ಅಷ್ಟೇ ಭಾರವಿರುತ್ತದೆ. 2020ರ ನಿಯಮ ತಿದ್ದುಪಡಿಯಂತೆ ಟ್ಯೂಬ್‌ಲೆಸ್ ಟೈರ್, ಗಾಳಿಯ ಒತ್ತಡ ತಿಳಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇರುವ ಕಾರುಗಳಿಗೆ ಅದು ಕಡ್ಡಾಯವಲ್ಲ. ಆದರೂ ಲಾರಿಯಿಂದ ಉದುರಿದ ಅದಿರಿನ ಚೂಪು ಕಲ್ಲು ಟೈರಿನ ಪಕ್ಕೆಯನ್ನು ಸೀಳಿದರೆ ಕಿಟ್ ಕೆಲಸಕ್ಕೆ ಬರುವುದಿಲ್ಲ. ಸಂಡೂರಿನ ದಾರಿಯಲ್ಲಿ ಸ್ಟೆಪ್ನಿ ಇರಲಿ ಎಂಬುದೇ ನನ್ನ ಸಲಹೆ.

ಖರ್ಚು ಮಾಡುವುದಿದ್ದರೆ ಗಾಲಿಗಳಿಗೆ ಮಾಡಬೇಕು. ಗಾಲಿಯ ಅಂಚಿನಲ್ಲಿರುವ ತೂಕವನ್ನು ಕಾರಿನೊಂದಿಗೆ ಮುಂದಕ್ಕೊಯ್ಯಲು ಮಾತ್ರವಲ್ಲ, ತಿರುಗಿಸಲೂ ಶಕ್ತಿ ಬೇಕಾಗುವುದರಿಂದ, ವೇಗ ಪಡೆಯುವಾಗ ಅಲ್ಲಿನ ಒಂದು ಕೆ.ಜಿ. ಸುಮಾರು ಎರಡು ಕೆ.ಜಿ.ಯಂತೆ ವರ್ತಿಸುತ್ತದೆ. ಇದಲ್ಲದೆ, ಸ್ಪ್ರಿಂಗಿನ ಕೆಳಗಿರುವ ಗಾಲಿ, ಟೈರುಗಳಂಥವುಗಳ ಭಾರ ಕಡಿಮೆಯಾದಷ್ಟೂ ಕೆಟ್ಟ ರಸ್ತೆಯಲ್ಲಿ ಟೈರು ನೆಲವನ್ನು ಚೆನ್ನಾಗಿ ಹಿಡಿದುಕೊಂಡಿರುತ್ತದೆ. ಇಲ್ಲಿ ಜನ ಸಾಮಾನ್ಯವಾಗಿ ಮಾಡುವುದು ಇದಕ್ಕೆ ತದ್ವಿರುದ್ಧ: 15 ಇಂಚಿನ ಗಾಲಿ ತೆಗೆದು 17 ಇಂಚಿನದನ್ನು ಹಾಕಿಸುತ್ತಾರೆ, ಅದು ಅಗ್ಗದ ಎರಕದ ಅಲಾಯ್ ಆಗಿದ್ದರೆ ಮೊದಲಿನದಕ್ಕಿಂತ ಭಾರವಾಗಿರುವುದೂ ಉಂಟು. ಕಾರಿನೊಂದಿಗೆ ಬಂದ ಅಳತೆಯಲ್ಲೇ ಫೋರ್ಜ್ಡ್ (ಎರಕ ಹೊಯ್ಯದೆ, ಲೋಹವನ್ನು ಬಲವಾಗಿ ಒತ್ತಿ ರೂಪಿಸಿದ) ರಿಮ್ ಆಯ್ದುಕೊಂಡು, ಕೊಳ್ಳುವ ಮುನ್ನ ಅದನ್ನು ತೂಗಿ ನೋಡಿ, ಎಷ್ಟು ಭಾರ ಹೊರಬಲ್ಲದೆಂಬ ಗುರುತು ಅದರ ಮೇಲೆ ಇದೆಯೇ ಎಂದು ಪರಿಶೀಲಿಸಬೇಕು. ನಕಲಿ ರಿಮ್‌ಗಳು ಗುಂಡಿಗೆ ಬಿದ್ದಾಗ ಬಿರುಕು ಬಿಡುತ್ತವೆ.

ಲಿಥಿಯಂ ಬ್ಯಾಟರಿ ಹಾಕಿದರೆ ಹತ್ತು ಕೆ.ಜಿ.ಯವರೆಗೂ ಉಳಿಸಬಹುದು, ಆದರೆ ಅತಿಯಾದ ಬಿಸಿ ಅದರ ಆಯುಷ್ಯವನ್ನು ತಿನ್ನುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ, ಬ್ಯಾಟರಿಯ ಜಾಗ ಎಂಜಿನ್ನಿನ ಪಕ್ಕದಲ್ಲೇ ಇದ್ದರೆ, ಈ ಖರ್ಚು ಬೇಡ. ಎ.ಸಿ. ಬಿಚ್ಚುವ ಮಾತಂತೂ ಬೇಡವೇ ಬೇಡ.

ಬಂಪರಿನ ಪ್ಲಾಸ್ಟಿಕ್ಕಿನ ಹಿಂದಿರುವ ಉಕ್ಕಿನ ತೊಲೆ, ಬಾಗಿಲೊಳಗಿನ ಪಟ್ಟಿ, ಸೀಟ್ ಬೆಲ್ಟ್, ಏರ್‌ಬ್ಯಾಗ್ ಇವುಗಳನ್ನು ಮುಟ್ಟಬಾರದು. ಮೈಯನ್ನು ಎರಡೂ ಪಕ್ಕದಿಂದ ಹಿಡಿದಿಡುವ ಹಗುರವಾದ ಬಕೆಟ್ ಸೀಟು ಹಾಕಿಸುವವರು, ಹಳೆಯ ಸೀಟಿನ ಪಕ್ಕೆಯಲ್ಲಿ ಏರ್‌ಬ್ಯಾಗ್ ಇರಬಹುದೆಂಬುದನ್ನು ಮರೆಯಬಾರದು. ಹಿಂದಿನ ಸೀಟನ್ನು ಶಾಶ್ವತವಾಗಿ ಕಿತ್ತರೆ ಆಸನಗಳ ಸಂಖ್ಯೆ ಆರ್‌ಸಿಯಲ್ಲಿ ಇರುವುದಕ್ಕೆ ಹೊಂದುವುದಿಲ್ಲ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಾಯಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ, ವಿಮೆಯ ಪರಿಹಾರಕ್ಕೂ ತಕರಾರು ಏಳಬಹುದು.

ತೂಕ ಇಳಿದ ಕಾರು ಸ್ಪ್ರಿಂಗಿನ ಮೇಲೆ ಕೊಂಚ ಎತ್ತರಕ್ಕೆ ನಿಲ್ಲುತ್ತದೆ, ಅದರಿಂದ ಗಾಲಿಗಳ ಕೋನವೂ ಬದಲಾಗುತ್ತದೆ. ಆದ್ದರಿಂದ ಕೊನೆಯಲ್ಲಿ ವೀಲ್ ಅಲೈನ್‌ಮೆಂಟ್ ಮಾಡಿಸಿ. ಮುಂದಿನ ಗಾಲಿಗಳಿಂದ ಓಡುವ ಕಾರಿನಲ್ಲಿ ಹಿಂಭಾಗವನ್ನಷ್ಟೇ ಹಗುರ ಮಾಡಿದ್ದರೆ, ಜೋರಾಗಿ ಬ್ರೇಕ್ ಒತ್ತಿದಾಗ ಹಿಂದಿನ ಗಾಲಿ ಬೇಗ ಜಾರುವ ಸಾಧ್ಯತೆಯಿದೆ; ಬ್ರೇಕ್ ಒತ್ತಿದಾಗ ಗಾಲಿ ತಿರುಗದೆ ಸಿಕ್ಕಿಕೊಳ್ಳುವುದನ್ನು ತಡೆಯುವ ಎ.ಬಿ.ಎಸ್. ವ್ಯವಸ್ಥೆ ಇಲ್ಲದ ಹಳೆಯ ಕಾರಿನಲ್ಲಿ ಇದು ಅಪಾಯಕಾರಿ. ವಾಹನಗಳಿಲ್ಲದ ಅಗಲವಾದ ಖಾಸಗಿ ಬಯಲಿನಲ್ಲಿ, ಕಡಿಮೆ ವೇಗದಿಂದ ಆರಂಭಿಸಿ ಬ್ರೇಕ್ ಪರೀಕ್ಷಿಸಿದ ಬಳಿಕವೇ ಕಾರನ್ನು ಹೆದ್ದಾರಿಗೆ ಇಳಿಸಬೇಕು.