ಮಾಂಟೆನೆಗ್ರೊ: ಕಡಲು, ಬೆಟ್ಟ ಎರಡನ್ನೂ ನೋಡುವ ರಜೆಯನ್ನು ಯೋಜಿಸುವುದು ಹೇಗೆ?

ಆಡ್ರಿಯಾಟಿಕ್ ಕಡಲಂಚಿನ ಮಾಂಟೆನೆಗ್ರೊ ದೇಶದ ವಿಸ್ತೀರ್ಣ 14,000 ಚದರ ಕಿ.ಮೀ.ಗೂ ಕಡಿಮೆ. ನಕಾಶೆ ನೋಡಿದವರು ಕಡಲತೀರದಲ್ಲೇ ಕೋಣೆ ಹಿಡಿದು, ಬೆಳಿಗ್ಗೆ ಬೆಟ್ಟಕ್ಕೆ ಹೋಗಿ ಸಂಜೆಗೆ ಮರಳಬಹುದೆಂದು ಭಾವಿಸುತ್ತಾರೆ. ಪ್ರವಾಸ ಬರೀ ಓಡಾಟವಾಗಿ ಮುಗಿಯುವುದು ಈ ಲೆಕ್ಕಾಚಾರದಿಂದಲೇ. ಸಮುದ್ರಮಟ್ಟದ ಕೊಟೋರ್‌ನಿಂದ ಸುಮಾರು 1,450 ಮೀಟರ್ ಎತ್ತರದ ಜಬ್ಲ್ಯಾಕ್‌ಗೆ ತಿರುವುಗಳ ದಾರಿಯಲ್ಲಿ ಮೂರು ತಾಸಿಗೂ ಹೆಚ್ಚು ಬೇಕು. ಹತ್ತು ದಿನಗಳಿದ್ದರೆ ಐದನ್ನು ಕಡಲಿಗೆ, ನಾಲ್ಕನ್ನು ಬೆಟ್ಟಕ್ಕೆ, ಒಂದನ್ನು ದಾರಿಗೇ ಮೀಸಲಿಡುವುದು ಒಳಿತು.

ಮೊದಲು ತಿಂಗಳನ್ನು ನಿಶ್ಚಯಿಸಿಕೊಳ್ಳಿ. ಕೊಟೋರ್ ಕೊಲ್ಲಿಯ ಮೇಲ್ಭಾಗದ ತ್ಸರ್ಕ್ವಿಟ್ಸೆ ಯುರೋಪಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು. ಕಡಲಿನ ತೇವದ ಗಾಳಿ ಕಡಿದಾದ ಬೆಟ್ಟಕ್ಕೆ ತಾಗಿ ಮೇಲೇರುವಾಗ ಮಳೆ ಸುರಿಯುವ ಬಗೆ ನಮ್ಮ ಆಗುಂಬೆಯದೇ ಆದರೂ, ಅಲ್ಲಿನ ಮಳೆಗಾಲ ಚಳಿಗಾಲದ ಜೊತೆ ಬರುತ್ತದೆ, ಬೇಸಿಗೆ ಒಣಗಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಕರಾವಳಿ ರಸ್ತೆ ವಾಹನಗಳಿಂದ ತುಂಬಿರುತ್ತದೆ. ಈಜಲೂ ಚಾರಣಕ್ಕೂ ಒದಗುವ ಜೂನ್ ಉತ್ತರಾರ್ಧ ಅಥವಾ ಸೆಪ್ಟೆಂಬರ್ ಅನ್ನು ಆರಿಸಿಕೊಳ್ಳಿ.

ಮುಂದಿನದು ವೀಸಾ. ದೇಶ ಯೂರೊ ಬಳಸಿದರೂ, ಒಂದೇ ವೀಸಾದಲ್ಲಿ ಹಲವು ಯುರೋಪ್ ದೇಶಗಳನ್ನು ಸುತ್ತಬಹುದಾದ ಷೆಂಗೆನ್ ವಲಯದಲ್ಲಿಲ್ಲ. ಚಾಲ್ತಿಯಲ್ಲಿರುವ ಷೆಂಗೆನ್ ವೀಸಾ ಇರುವವರಿಗೆ ಅಲ್ಪಾವಧಿಯ ಪ್ರವೇಶ ಸಿಗುವ ವ್ಯವಸ್ಥೆ ಇದೆ. ಟಿಕೆಟ್ ಕೊಳ್ಳುವ ಮುನ್ನ ಈಗಿನ ನಿಯಮವನ್ನು ಅಲ್ಲಿನ ವಿದೇಶಾಂಗ ಸಚಿವಾಲಯದ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳಿ. ಕ್ರೊವೇಷಿಯಾದ ಡುಬ್ರೊವ್ನಿಕ್‌ನಲ್ಲಿ ಇಳಿದು ಗಡಿ ದಾಟಿ, ಅಲ್ಲಿಂದಲೇ ಮರಳುವವರಿಗೆ ಒಂದು ಎಚ್ಚರಿಕೆ: ಆ ದೇಶ 2023ರ ಜನವರಿಯಿಂದ ಷೆಂಗೆನ್ ವಲಯದಲ್ಲಿದೆ, ಹಾಗಾಗಿ ಒಮ್ಮೆ ಮಾತ್ರ ಪ್ರವೇಶ ಕೊಡುವ ವೀಸಾ ಹಿಡಿದವರು ಹಿಂದಿರುಗಲಾರರು. ಬಹುಪ್ರವೇಶ ವೀಸಾಕ್ಕೇ ಅರ್ಜಿ ಹಾಕಿ.

ಕಡಲಿನ ದಿನಗಳಿಗೆ ಕೊಟೋರ್ ಅಥವಾ ಪೆರಾಸ್ಟ್‌ನಲ್ಲಿ ತಂಗಬಹುದು. 1979ರ ಭೂಕಂಪದಲ್ಲಿ ತೀವ್ರವಾಗಿ ಹಾನಿಗೊಂಡು, ಅದೇ ವರ್ಷ ಯುನೆಸ್ಕೊ ಪಟ್ಟಿ ಸೇರಿದ ಕೊಟೋರ್, ಇಂದು ತನ್ನ ಕಲ್ಲುಗೋಡೆಗಳ ನಡುವೆ ಮತ್ತೆ ನಳನಳಿಸುತ್ತಿದೆ. ಕೋಟೆಗೆ ಸುಮಾರು 1,350 ಮೆಟ್ಟಿಲುಗಳಿವೆ. ಪ್ರವಾಸಿ ಹಡಗುಗಳ ಜನ ಇಳಿಯುವ ಮೊದಲೇ, ಬಿಸಿಲೇರದ ಹೊತ್ತಿನಲ್ಲಿ ಹತ್ತಿಬಿಡಿ.

ವಾಹನಕ್ಕೆ ಎರಡು ದಾರಿಗಳಿವೆ. ಬಾಡಿಗೆ ಕಾರು ಬೇಕೆಂದರೆ ಊರಿನಲ್ಲಿರುವಾಗಲೇ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಿರಿ. ಅಲ್ಲಿ ವಾಹನ ರಸ್ತೆಯ ಬಲಗಡೆ ಸಾಗುತ್ತದೆ ಎಂಬುದು ನೆನಪಿರಲಿ. ಚಾಲನೆ ಬೇಡವೆಂದರೆ ಬಾರ್ ಬಂದರಿನಿಂದ ಬೆಟ್ಟದ ಪಟ್ಟಣ ಕೊಲಾಶಿನ್‌ಗೆ ರೈಲು ಹಿಡಿಯಿರಿ; ಅಲ್ಲಿಂದ ಜಬ್ಲ್ಯಾಕ್‌ಗೆ ರಸ್ತೆಯಲ್ಲೇ ಹೋಗಬೇಕು. 1976ರಲ್ಲಿ ಪೂರ್ಣಗೊಂಡ ಈ ಮಾರ್ಗ ಕಡಲಂಚಿನಿಂದ ಸಾವಿರ ಮೀಟರ್ ಎತ್ತರಕ್ಕೆ ಏರುತ್ತ, ಮಾಲಾ ರಿಯೆಕಾ ಕಣಿವೆಯನ್ನು 198 ಮೀಟರ್ ಎತ್ತರದ ಸೇತುವೆಯ ಮೇಲೆ ದಾಟುತ್ತದೆ. ನನ್ನ ಮಟ್ಟಿಗೆ ಇಡೀ ಪ್ರವಾಸದಲ್ಲಿ ಬಿಡಲೇಬಾರದ ಪಯಣವಿದು.

ಜಬ್ಲ್ಯಾಕ್ ತಲುಪಿದ ಮೊದಲ ದಿನ ಕಪ್ಪು ಸರೋವರಕ್ಕೆ ಒಂದು ಸುತ್ತು ಹಾಕಿದರೆ ಸಾಕು. 2,523 ಮೀಟರ್‌ನ ಬೊಬೊಟೊವ್ ಕುಕ್ ಶಿಖರ ಅನುಭವಿಗಳಿಗೆ ಮಾತ್ರ. ಮಧ್ಯಾಹ್ನ ಗುಡುಗು ಮಳೆ ಹಠಾತ್ತನೆ ಬರುವುದುಂಟು, ಬೇಗ ಹೊರಟು ಬೇಗ ಇಳಿಯಿರಿ. ಸಸ್ಯಾಹಾರಿಗಳು ಮೆಕ್ಕೆಜೋಳದ ಹಿಟ್ಟು ಅಥವಾ ಆಲೂಗಡ್ಡೆಗೆ ಚೀಸ್, ಕೆನೆ ಬೆರೆಸಿ ಮಾಡುವ ಕಾಚಮಾಕ್ ಕೇಳಿದರೆ ಹೊಟ್ಟೆ ತುಂಬಾ ಊಟ ಸಿಗುತ್ತದೆ.